ಶಟರ್ ನಿಧಾನಿಸಿ, ಚಿತ್ರ ಓಡಲಿ

ಕ್ಯಾಮೆರಾ ಹವ್ಯಾಸ ಹತ್ತಿಸಿಕೊಂಡವರಿಗೆ ವರ್ಷವೋ ಎರಡು ವರ್ಷವೋ ಆದಮೇಲೆ ಒಂದು ಬೇಸರ ಶುರುವಾಗುತ್ತದೆ. ತೆಗೆದ ಚಿತ್ರಗಳೆಲ್ಲ ಚೊಕ್ಕವಾಗಿಯೇ ಇರುತ್ತವೆ, ಆದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆಗ ಹೆಚ್ಚಿನವರು ಹೊಸ ಲೆನ್ಸಿನ ಬೆಲೆ ನೋಡತೊಡಗುತ್ತಾರೆ. ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ನಿಮ್ಮ ಕ್ಯಾಮೆರಾದಲ್ಲಿ ಶಟರ್ ವೇಗ ಬದಲಿಸುವ ಒಂದು ಚಕ್ರ ಇದೆ ಅಲ್ವಾ? ಅದನ್ನು ನಿಧಾನದ ಕಡೆಗೆ ತಿರುಗಿಸಿ. ಕೆಲವು ವಾರ ಅದೊಂದನ್ನೇ ಹಿಡಿದು ಆಡಿ.

ಶಟರ್ ಸೆಕೆಂಡಿನ 500ನೇ ಒಂದು ಭಾಗ ತೆರೆದರೆ ಓಡುವ ನಾಯಿಯೂ ಗಾಳಿಯಲ್ಲೇ ನಿಂತುಬಿಡುತ್ತದೆ. ಅರ್ಧ ಸೆಕೆಂಡ್ ತೆರೆದರೆ ಅದೇ ನಾಯಿ ಒಂದು ಕಂದು ಗೆರೆಯಾಗುತ್ತದೆ. ಇದು ಹೊಸ ಸಂಗತಿಯೇನಲ್ಲ. 1838ರಲ್ಲಿ, ಫೋಟೊಗ್ರಫಿಯ ಆರಂಭದ ದಿನಗಳಲ್ಲೇ, ಫ್ರಾನ್ಸಿನ ಲೂಯಿ ಡಾಗೆರ್ ಪ್ಯಾರಿಸ್ಸಿನ ಬುಲೆವಾರ್ ದು ಟಾಂಪ್ಲ್ ರಸ್ತೆಯನ್ನು ಮೇಲಿನಿಂದ ಸೆರೆಹಿಡಿದ. ಆಗಿನ ಫಲಕಕ್ಕೆ ಹಲವು ನಿಮಿಷ ಬೆಳಕು ಬೇಕಿತ್ತು. ಗಾಡಿ, ಕುದುರೆ, ಜನರಿಂದ ತುಂಬಿದ್ದ ರಸ್ತೆ ಚಿತ್ರದಲ್ಲಿ ಖಾಲಿ ಕಾಣುತ್ತದೆ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ ಮಾತ್ರ ಸ್ಪಷ್ಟವಾಗಿ ಉಳಿದಿದ್ದಾನೆ. ನಿಂತದ್ದು ಉಳಿಯಿತು, ಓಡಿದ್ದು ಕರಗಿತು.

ಈ ಲೇಖನದಲ್ಲಿ ಬರುವ ಎಲ್ಲ ಪ್ರಯೋಗಗಳಿಗೂ ಇದೇ ತಳಪಾಯ. ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚಿತ್ರದಲ್ಲಿ ನಿಲ್ಲಬೇಕಾದದ್ದು ಯಾವುದು? ಅದಕ್ಕೆ ಉತ್ತರ ಇಲ್ಲದಿದ್ದರೆ ಸಿಗುವುದು ಬರೀ ಮಸುಕು.

ಮೊದಲು ಕ್ಯಾಮೆರಾ ಸಜ್ಜು ಮಾಡಿ

ಮೋಡ್ ಚಕ್ರವನ್ನು ಶಟರ್ ಪ್ರಯಾರಿಟಿಗೆ ತನ್ನಿ. ನಿಕಾನ್, ಸೋನಿಯಲ್ಲಿ ಅದು ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’. ವೇಗ ನೀವು ಹೇಳಿದರೆ ಸಾಕು, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕ್ಯಾಮೆರಾ ನೋಡಿಕೊಳ್ಳುತ್ತದೆ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ. ಆಟೊ ಐಎಸ್‌ಒ ಬಂದ್ ಮಾಡಿ 100ಕ್ಕೆ ಇಡಿ. ಸಾಧ್ಯವಾದರೆ ರಾ ಫೈಲ್‌ನಲ್ಲೇ (ಸೆನ್ಸರ್ ಕಂಡ ಮಾಹಿತಿಯನ್ನು ಸಂಸ್ಕರಿಸದೆ ಇಡುವ ಫೈಲ್) ತೆಗೆಯಿರಿ. ಬಿಳುಚಿದ ಆಕಾಶವನ್ನು ಆಮೇಲೆ ಸ್ವಲ್ಪ ಸರಿಪಡಿಸಲು ಅವಕಾಶ ಇರುತ್ತದೆ.

ನಮ್ಮಲ್ಲಿ ದೊಡ್ಡ ತೊಡಕು ಬಿಸಿಲು. ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 16 (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೆ ಶಟರ್ 1/125 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಅರ್ಧ ಸೆಕೆಂಡ್ ಇಟ್ಟಿರೋ, ಚಿತ್ರ ಪೂರ್ತಿ ಬೆಳ್ಳಗೆ. ಎಫ್ 22ಕ್ಕೆ ಇಳಿಸಿದರೂ ಸಿಗುವುದು ಒಂದೇ ಮೆಟ್ಟಿಲು, ಅಂದರೆ ಬೆಳಕು ಅರ್ಧ ಆಗುವುದಷ್ಟೇ. ಜತೆಗೆ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಸೆನ್ಸರ್ ಮೇಲಿನ ದೂಳಿನ ಚುಕ್ಕೆಗಳೂ ಎದ್ದು ಕಾಣುತ್ತವೆ.

ದಾರಿ ಎರಡಿವೆ. ಒಂದು, ಬೆಳಗಿನ ಜಾವ, ಮುಸ್ಸಂಜೆ, ಮೋಡದ ದಿನ ಇವನ್ನೇ ಆರಿಸಿಕೊಳ್ಳುವುದು. ಶುರು ಮಾಡುವವರಿಗೆ ಇದೇ ಒಳ್ಳೆಯದು, ಖರ್ಚೂ ಇಲ್ಲ. ಇನ್ನೊಂದು, ಎನ್‌ಡಿ ಫಿಲ್ಟರ್. ಇದು ಲೆನ್ಸಿಗೆ ಹಾಕುವ ಕಪ್ಪು ಗಾಜು. ಎನ್‌ಡಿ 8 ಹಾಕಿದರೆ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಎನ್‌ಡಿ 64 ಹಾಕಿದರೆ 64ನೇ ಒಂದು ಭಾಗಕ್ಕೆ. ಲೆಕ್ಕ ಸುಲಭ. ಶಟರ್ ವೇಗವನ್ನು ಆ ಅಂಕಿಯಿಂದ ಗುಣಿಸಿ. 1/125 ಇದ್ದದ್ದು ಎನ್‌ಡಿ 64ರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಆಗುತ್ತದೆ. ಒಂದೇ ಒಂದು ಫಿಲ್ಟರ್ ಕೊಳ್ಳುವುದಾದರೆ ಎನ್‌ಡಿ 64 ಕೊಳ್ಳಿ. ಎನ್‌ಡಿ 1000 ಜಲಪಾತಕ್ಕೆ ಚೆಂದ, ಆದರೆ ಕೈಯಲ್ಲಿ ಹಿಡಿದು ಆಡುವ ಪ್ರಯೋಗಗಳಿಗೆ ಅದು ತೀರಾ ಗಾಢ.

ಮೊಬೈಲ್ ಮಾತ್ರ ಇದ್ದರೂ ಪರವಾಗಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಪ್ರೊ ಮೋಡ್‌ನಲ್ಲಿ ಶಟರ್ ವೇಗ ಬದಲಿಸಬಹುದು. ಐಫೋನ್‌ನಲ್ಲಿ ಲೈವ್ ಫೋಟೊ ತೆಗೆದು, ಆಮೇಲೆ ಅದನ್ನು ‘ಲಾಂಗ್ ಎಕ್ಸ್‌ಪೋಶರ್’ಗೆ ಬದಲಿಸಿಕೊಳ್ಳಬಹುದು. ಫೋನ್‌ಗಳಲ್ಲಿ ಸಾಮಾನ್ಯವಾಗಿ ಅಪರ್ಚರ್ ಬದಲಾಗುವುದಿಲ್ಲ. ಹಾಗಾಗಿ ಬೆಳಕು ಕಡಿಮೆ ಇರುವ ಹೊತ್ತೇ ನಿಮ್ಮ ಹೊತ್ತು.

ಓಡುವುದನ್ನು ನಿಲ್ಲಿಸಿ, ನಿಂತದ್ದನ್ನು ಓಡಿಸಿ

ಮೊದಲ ಪ್ರಯೋಗ ಪ್ಯಾನಿಂಗ್. ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತುವುದು. ಆಗ ಸೈಕಲ್ ಸ್ಪಷ್ಟವಾಗಿ ನಿಲ್ಲುತ್ತದೆ, ಹಿಂದಿನ ಅಂಗಡಿಸಾಲು ಬಣ್ಣದ ಗೆರೆಗಳಾಗಿ ಓಡುತ್ತದೆ.

ಮನೆ ಮುಂದಿನ ರಸ್ತೆಯಲ್ಲೇ ಕಲಿಯಿರಿ. ಗಾಡಿಗಳು ನಿಮ್ಮ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಅಡ್ಡಲಾಗಿ ಹೋಗುವ ಕಡೆ, ರಸ್ತೆಯಿಂದ ದೂರ ಸರಿದು ನಿಲ್ಲಿ. ನಿಮ್ಮ ಕಡೆಗೇ ಬರುವ ಗಾಡಿಗೆ ಇದು ಕೆಲಸ ಮಾಡುವುದಿಲ್ಲ. ಬೈಕ್, ಬಸ್ಸಿಗೆ 1/60, ಸೈಕಲ್ಲಿಗೆ 1/30, ಓಡುವ ಹುಡುಗರಿಗೆ 1/15 ಇಟ್ಟು ಶುರು ಮಾಡಿ. ಫೋಕಸ್ ಕಂಟಿನ್ಯುಯಸ್‌ಗೆ (ಓಡುವುದನ್ನು ಹಿಂಬಾಲಿಸುತ್ತಲೇ ಇರುತ್ತದೆ), ಶಟರ್ ಬರ್ಸ್ಟ್‌ಗೆ (ಒತ್ತಿ ಹಿಡಿದರೆ ಸಾಲಾಗಿ ಚಿತ್ರ).

ಇನ್ನು ಮೈಯ ಕೆಲಸ. ನಿಜವಾದ ಕಲೆ ಇರುವುದು ಇಲ್ಲೇ, ಸೆಟ್ಟಿಂಗ್‌ನಲ್ಲಲ್ಲ. ಎಲ್ಲಿ ಒತ್ತಬೇಕೆಂದಿದ್ದೀರೋ ಆ ಕಡೆಗೆ ಪಾದ ತಿರುಗಿಸಿ ನಿಲ್ಲಿ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಸೈಕಲ್ ದೂರದಲ್ಲಿ ಕಂಡ ಕೂಡಲೇ ಸೊಂಟದಿಂದ ಮೇಲಷ್ಟೇ ಆ ಕಡೆಗೆ ತಿರುಗಲಿ. ಸವಾರನ ಮುಖವನ್ನು ಫ್ರೇಮಿನ ಒಂದೇ ಜಾಗದಲ್ಲಿ ಇಟ್ಟುಕೊಂಡು ಹಿಂಬಾಲಿಸಿ. ಎದುರಿಗೆ ಬಂದಾಗ ಮೆತ್ತಗೆ ಒತ್ತಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ. ‘ಕ್ಲಿಕ್’ ಕೇಳಿದ ತಕ್ಷಣ ಕೈ ನಿಂತುಬಿಡುವುದೇ ಎಲ್ಲರಿಗೂ ಎದುರಾಗುವ ಕಷ್ಟ. ಒಳ್ಳೆಯ ಬ್ಯಾಟ್ಸ್‌ಮನ್ ಚೆಂಡು ತಾಗಿದ ಮೇಲೂ ಬ್ಯಾಟ್ ಪೂರ್ತಿ ಬೀಸುತ್ತಾನಲ್ಲ, ಹಾಗೆ.

ಹಿನ್ನೆಲೆಯ ಬಗ್ಗೆ ಒಂದು ಮಾತು. ಸುಣ್ಣ ಬಳಿದ ಗೋಡೆ ಹಿಂದಿದ್ದರೆ ಗೆರೆಗಳೇ ಕಾಣುವುದಿಲ್ಲ. ಹೂವಿನ ಅಂಗಡಿ, ಪೋಸ್ಟರ್ ಅಂಟಿಸಿದ ಗೋಡೆ, ಎಲೆಗಳ ನಡುವೆ ಬೆಳಕು ಇಣುಕುವ ಬೇಲಿ ಇದ್ದರೆ ಚಿತ್ರಕ್ಕೆ ಜೀವ ಬರುತ್ತದೆ. ಕೈಯ ನಡುಕ ತಗ್ಗಿಸುವ ಲೆನ್ಸ್‌ನ ಸ್ಟೆಬಿಲೈಸರ್‌ಗೆ ಪ್ಯಾನಿಂಗ್ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಆಫ್ ಮಾಡಿ ನೋಡಿ.

ಕೈ ಪಳಗಿದ ಮೇಲೆ ಕಂಬಳಕ್ಕೆ ಹೋಗಿ. ಚಳಿಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆ ವಾರಾಂತ್ಯಗಳಲ್ಲಿ ನಡೆಯುತ್ತದೆ. ಫೋಟೊಗ್ರಾಫರುಗಳ ಗುಂಪೆಲ್ಲ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ, ಕೋಣಗಳು ಎದುರಿಗೇ ನುಗ್ಗಿ ಬರುವಲ್ಲಿ ಸೇರಿರುತ್ತದೆ. ಅದು ವೇಗದ ಶಟರಿನ ಜಾಗ. ಪ್ಯಾನಿಂಗ್‌ಗೆ ಕರೆಯ (ಕೋಣ ಓಡುವ ಕೆಸರಿನ ಹಾದಿ) ನಡುಭಾಗದಲ್ಲಿ, ಪಕ್ಕದಲ್ಲಿ ನಿಲ್ಲಿ. 1/60ರಲ್ಲಿ ಶುರು ಮಾಡಿ 1/30ಕ್ಕೆ ಇಳಿಯಿರಿ. ಕೋಣದ ಕಣ್ಣು ಅಥವಾ ಓಟಗಾರನ ಮುಖ, ಎರಡರಲ್ಲಿ ಒಂದು ನಿಂತರೆ ಸಾಕು. ಕಾಲು, ಕೆಸರು, ನೀರು ಎಲ್ಲ ಹರಿದುಹೋಗಲಿ. ನಿಧಾನ ಶಟರ್ ಇಲ್ಲದೆ ಆ ಓಟದ ರಭಸ ಚಿತ್ರಕ್ಕೆ ಇಳಿಯುವುದು ಕಷ್ಟ ಎಂದೇ ನನ್ನ ಅನಿಸಿಕೆ. 1950ರ ದಶಕದಲ್ಲಿ ಛಾಯಾಗ್ರಾಹಕ ಅರ್ನ್‌ಸ್ಟ್ ಹಾಸ್ ಸ್ಪೇನಿನ ಗೂಳಿಕಾಳಗವನ್ನು ಬಣ್ಣದ ಫಿಲ್ಮಿನಲ್ಲಿ ನಿಧಾನ ಶಟರ್ ಇಟ್ಟು ತೆಗೆದಿದ್ದರು. ಅವರ ಆ ಚಿತ್ರಗಳನ್ನು ಹುಡುಕಿ ನೋಡಿ, ಕಂಬಳಕ್ಕೆ ಹೋಗುವ ಮೊದಲೇ ಕಣ್ಣು ತಯಾರಾಗುತ್ತದೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ ಮರೆಯಬೇಡಿ.

ಯಕ್ಷಗಾನದಲ್ಲಿ ತಿರುವುಮುರುವು

ಇಲ್ಲಿ ಕ್ಯಾಮೆರಾ ಅಲ್ಲಾಡಬಾರದು. ಟ್ರೈಪಾಡ್ ಮೇಲೆ ಗಟ್ಟಿಯಾಗಿ ಕೂರಿಸಿ, ಸ್ಟೆಬಿಲೈಸರ್ ಆಫ್ ಮಾಡಿ. ವೇದಿಕೆಯ ಬೆಳಕು ಕಡಿಮೆ, ಹಾಗಾಗಿ ಐಎಸ್‌ಒ 400 ಅಥವಾ 800. ಶಟರ್ 1/8ರಿಂದ 1/4. ಹಿಂದೆ ಕೂತ ಭಾಗವತರು, ಮದ್ದಳೆಯವರು ಹೆಚ್ಚು ಅಲ್ಲಾಡುವುದಿಲ್ಲ. ಅವರೇ ಈ ಚಿತ್ರದಲ್ಲಿ ನಿಲ್ಲುವವರು. ಮುಂದೆ ಗಿರಕಿ ಹೊಡೆಯುವ ವೇಷ ಕೆಂಪು, ಹಳದಿ, ಚಿನ್ನದ ಸುಳಿಯಾಗುತ್ತದೆ.

ಇನ್ನೂ ಒಳ್ಳೆಯ ಕ್ಷಣ ಬೇರೆ ಇದೆ. ಚಂಡೆ ಏರಿದಂತೆ ಗಿರಕಿ ಜೋರಾಗುತ್ತದೆ, ತಾಳ ಮುಗಿಯುವಲ್ಲಿ ಕಲಾವಿದ ತಟ್ಟನೆ ಸಭೆಯತ್ತ ಮುಖಮಾಡಿ ನಿಲ್ಲುತ್ತಾನೆ. ಮುಖ ನಿಂತಿರುತ್ತದೆ, ವಸ್ತ್ರ ಇನ್ನೂ ಸುತ್ತುತ್ತಿರುತ್ತದೆ. ಅದೇ ಹೊತ್ತಿಗೆ ಒತ್ತಿ. ಇದಕ್ಕೆ ಬೆರಳಿಗಿಂತ ಕಿವಿ ಮುಖ್ಯ. ಆಟವನ್ನು ಮೊದಲು ಕ್ಯಾಮೆರಾ ಇಲ್ಲದೆ ನೋಡಿದವರಿಗೆ ಈ ಕ್ಷಣ ಜಾಸ್ತಿ ಸಿಗುತ್ತದೆ. ಫ್ಲ್ಯಾಷ್ ಬೇಡವೇ ಬೇಡ. ಮೇಳದವರನ್ನು ಮೊದಲೇ ಕೇಳಿ, ಪ್ರೇಕ್ಷಕರಿಗೆ ಅಡ್ಡವಾಗದ ಮೂಲೆಯಲ್ಲಿ ಟ್ರೈಪಾಡ್ ಇಡಿ.

ಅಡಿಕೆ ತೋಟದಲ್ಲಿ ಕ್ಯಾಮೆರಾ ಅಲ್ಲಾಡಿಸಿ

ಈಗ ಬೇಕೆಂದೇ ಕ್ಯಾಮೆರಾ ಅಲ್ಲಾಡಿಸುವ ಪ್ರಯೋಗ. ಅಡಿಕೆ ತೋಟ ಇದಕ್ಕೆ ಹೇಳಿ ಮಾಡಿಸಿದ ಜಾಗ, ಏಕೆಂದರೆ ಎಲ್ಲ ಗೆರೆಗಳೂ ನೇರ. ಮೋಡದ ಬೆಳಿಗ್ಗೆ, ಅರ್ಧ ಸೆಕೆಂಡ್ ಶಟರ್ ಇಟ್ಟು, ಕ್ಯಾಮೆರಾವನ್ನು ಮೇಲಿನಿಂದ ಕೆಳಗೆ ಸರಾಗವಾಗಿ ಇಳಿಸಿ. ಅಲುಗಾಟ ಶುರುವಾದ ಮೇಲೆ ಒತ್ತಿ, ಮುಗಿಯುವ ತನಕ ನಿಲ್ಲಿಸಬೇಡಿ. ಮರದ ಕಾಂಡದ ದಿಕ್ಕಿಗೇ ಕ್ಯಾಮೆರಾ ಚಲಿಸುವುದರಿಂದ ಕಾಂಡಗಳು ಗೆರೆಯಾಗಿ ಉಳಿಯುತ್ತವೆ, ಸೋಗೆ ಮತ್ತು ಮೆಣಸಿನ ಬಳ್ಳಿ ಹಸಿರಾಗಿ ಬೆರೆಯುತ್ತವೆ. ಕೈ ಸ್ವಲ್ಪ ಓರೆಯಾದರೂ ಕಾಂಡ ಕರಗಿಹೋಗುತ್ತದೆ. ಆಕಾಶದ ತುಂಡು ಫ್ರೇಮಿನಲ್ಲಿ ಬಂದರೆ ಬಿಳಿ ಪಟ್ಟೆ ಬೀಳುತ್ತದೆ, ಅದನ್ನು ತಪ್ಪಿಸಿ.

ಸಮುದ್ರದಲ್ಲಿ ಇದೇ ಕೆಲಸ ಅಡ್ಡಕ್ಕೆ. ಮರವಂತೆಯಲ್ಲೋ ಮಲ್ಪೆಯಲ್ಲೋ ಸಂಜೆ ನಿಂತು, ದಿಗಂತದ ಗೆರೆಯ ಗುಂಟ ಎಡದಿಂದ ಬಲಕ್ಕೆ ಸಾಗಿ. ಮರಳು, ನೊರೆ, ನೀರು, ಆಕಾಶ ನಾಲ್ಕು ಪಟ್ಟೆಗಳಾಗುತ್ತವೆ. ಚೆಂದ ಬರುತ್ತದೆ, ಆದರೆ ಬೇಗ ಸಾಕೂ ಆಗುತ್ತದೆ. ದಡದಲ್ಲಿ ಒಂದು ಕೆಂಪು ದೋಣಿ ಇದ್ದರೆ ಬಿಡಬೇಡಿ.

ಕತ್ತಲಲ್ಲಿ ಬರೆಯಿರಿ

1949ರಲ್ಲಿ ಛಾಯಾಗ್ರಾಹಕ ಜಾನ್ ಮಿಲಿ, ಕಲಾವಿದ ಪಿಕಾಸೊನನ್ನು ಭೇಟಿಯಾಗಲು ದಕ್ಷಿಣ ಫ್ರಾನ್ಸಿಗೆ ಹೋಗಿದ್ದರು. ಸ್ಕೇಟಿಂಗ್ ಮಾಡುವವರ ಕಾಲಿಗೆ ಪುಟ್ಟ ದೀಪ ಕಟ್ಟಿ ತೆಗೆದ ಚಿತ್ರಗಳನ್ನು ತೋರಿಸಿದರು. ಪಿಕಾಸೊಗೆ ಹುರುಪು ಹತ್ತಿತು. ಕತ್ತಲೆ ಕೋಣೆಯಲ್ಲಿ, ಶಟರ್ ತೆರೆದಿಟ್ಟು, ಪುಟ್ಟ ವಿದ್ಯುದ್ದೀಪದಿಂದ ಗಾಳಿಯಲ್ಲೇ ಚಿತ್ರ ಬರೆದರು. ಫ್ಲ್ಯಾಷ್ ಒಮ್ಮೆ ಬೆಳಗಿದಾಗ ಪಿಕಾಸೊ ಕೂಡ ಚಿತ್ರದಲ್ಲಿ ನಿಂತರು.

ನಿಮ್ಮ ತಾರಸಿಯಲ್ಲೂ ಇದು ಸಾಧ್ಯ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಮೋಡ್ ಮ್ಯಾನುವಲ್, ಐಎಸ್‌ಒ 100, ಎಫ್ 8, ಶಟರ್ 20 ಸೆಕೆಂಡ್, ಟೈಮರ್ 10 ಸೆಕೆಂಡ್. ಬರೆಯುವವರು ನಿಲ್ಲುವ ಜಾಗಕ್ಕೆ ಟಾರ್ಚ್ ಹಾಕಿ ಫೋಕಸ್ ಮಾಡಿ, ಆಮೇಲೆ ಫೋಕಸನ್ನು ಮ್ಯಾನುವಲ್‌ಗೆ ಬದಲಿಸಿ. ಇಲ್ಲದಿದ್ದರೆ ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಲೇ ಇರುತ್ತದೆ. ಬರೆಯುವವರು ಕಪ್ಪು ಬಟ್ಟೆ ಹಾಕಿಕೊಳ್ಳಲಿ. ಟಾರ್ಚ್ ಕ್ಯಾಮೆರಾದ ಕಡೆಗಿರಲಿ, ಮೈಮೇಲೆ ಬೆಳಕು ಬೀಳದಿರಲಿ. ಟಾರ್ಚಿನ ಬಾಯಿಗೆ ಬಣ್ಣದ ಜಿಲೇಟಿನ್ ಹಾಳೆ ಕಟ್ಟಿದರೆ ಬಣ್ಣದ ಗೆರೆ.

ನಮ್ಮ ದುಂಡು ಅಕ್ಷರಗಳು ಇದಕ್ಕೆ ತುಂಬಾ ಒಗ್ಗುತ್ತವೆ. ಅ, ರ, ಗ ಇಂಥವನ್ನು ಕೈ ಎತ್ತದೆ ಬರೆಯಬಹುದು. ಒತ್ತಕ್ಷರ ಬಂದಾಗ ಮಾತ್ರ ಟಾರ್ಚ್ ಆರಿಸಿ, ಕೈ ಕೆಳಗೆ ತಂದು, ಮತ್ತೆ ಹಚ್ಚಬೇಕು. ಕ್ಯಾಮೆರಾದತ್ತ ಮುಖ ಮಾಡಿ ಬರೆದದ್ದು ಉಲ್ಟಾ ಬರುತ್ತದೆ. ಆಮೇಲೆ ಫೋನಿನಲ್ಲೇ ಎಡಬಲ ತಿರುಗಿಸಿದರೆ ಆಯಿತು. ಕೊನೆಯಲ್ಲಿ, ಶಟರ್ ಮುಚ್ಚುವ ಮೊದಲು, ಬರೆದವರು ಅಲ್ಲಾಡದೆ ನಿಲ್ಲಲಿ. ಪಕ್ಕದಿಂದ ಇನ್ನೊಬ್ಬರು ಅವರ ಮುಖಕ್ಕೆ ಒಂದು ಕ್ಷಣ ಬೆಳಕು ಹಾಯಿಸಲಿ. ಮುಖವೂ ಬಂತು, ಅಕ್ಷರವೂ ಬಂತು. ಮಕ್ಕಳಿಗೆ ಇದಕ್ಕಿಂತ ಖುಷಿಯ ಆಟ ಇನ್ನೊಂದಿಲ್ಲ.

ದೀಪಾವಳಿಯಲ್ಲಿ ಸುರಸುರಬತ್ತಿ ಹಿಡಿದೂ ಬರೆಯಬಹುದು. ಹತ್ತಿ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಉಕ್ಕಿನ ನಾರಿಗೆ ಬೆಂಕಿ ಹಚ್ಚಿ ಗಿರಗಿರ ತಿರುಗಿಸುವ ವಿಡಿಯೊಗಳನ್ನು ನೋಡಿರುತ್ತೀರಿ. ಅದನ್ನು ಮಾಡಬೇಡಿ. ಕಾದ ಲೋಹದ ಕಿಡಿ ದೂರದವರೆಗೆ ಹಾರುತ್ತದೆ. ಒಣಹುಲ್ಲು, ಕಣ್ಣು ಎರಡಕ್ಕೂ ಅಪಾಯ.

ಜೂಮ್ ತಿರುಗಿಸುವುದು

ಇದು ಚಿಕ್ಕ ಪ್ರಯೋಗ. ಶಟರ್ ತೆರೆದಿರುವಾಗಲೇ ಜೂಮ್ ರಿಂಗ್ ತಿರುಗಿಸಿ. ದೀಪಗಳು ನಡುವಿನಿಂದ ಹೊರಕ್ಕೆ ಚಿಮ್ಮಿದಂತೆ ಕಾಣುತ್ತವೆ. ಮೈಸೂರು ಅರಮನೆಗೆ ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿದಾಗ ಮಾಡಿ ನೋಡಿ. ಎರಡು ಸೆಕೆಂಡ್ ಇಟ್ಟು, ಮೊದಲ ಸೆಕೆಂಡ್ ಸುಮ್ನೆ ಬಿಡಿ, ಉಳಿದದ್ದರಲ್ಲಿ ತಿರುಗಿಸಿ. ಆಗ ಅರಮನೆಯ ಆಕಾರ ನಿಲ್ಲುತ್ತದೆ. ಮೊದಲಿನಿಂದಲೇ ತಿರುಗಿಸಿದರೆ ಅದು ಅರಮನೆಯೋ ಜಾತ್ರೆಯೋ ಗೊತ್ತಾಗುವುದಿಲ್ಲ. ಟ್ರೈಪಾಡ್‌ಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಆರಿಸುವುದು

ಈ ಪ್ರಯೋಗಗಳಲ್ಲಿ ಕೆಡುವ ಚಿತ್ರಗಳೇ ಜಾಸ್ತಿ. ಸ್ಥಳದಲ್ಲಿ ನಿಂತು, ಕ್ಯಾಮೆರಾದ ಪುಟ್ಟ ಪರದೆ ನೋಡಿ ಅಳಿಸಬೇಡಿ. ಮರುದಿನ ದೊಡ್ಡ ಪರದೆಯಲ್ಲಿ ನೋಡಿ. ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿ: ಏನು ನಿಂತಿದೆ? ಕಣ್ಣು ಎಲ್ಲೂ ನಿಲ್ಲದೆ ಜಾರಿಹೋದರೆ ಆ ಚಿತ್ರ ಬಿಡಿ, ಬಣ್ಣ ಎಷ್ಟೇ ಚೆಂದವಿದ್ದರೂ ಬಿಡಿ. ಉಳಿದ ಚಿತ್ರಗಳ ಶಟರ್ ವೇಗವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಜೊತೆಗೆ ಕೈ ಹೇಗೆ ಆಡಿತ್ತು ಎಂಬುದನ್ನೂ. ವೇಗದ ಅಂಕಿಯನ್ನು ಫೈಲ್ ನೆನಪಿಟ್ಟುಕೊಳ್ಳುತ್ತದೆ, ಕೈಯ ಚಲನೆಯನ್ನು ಅದು ನೆನಪಿಡುವುದಿಲ್ಲ.

ಎಡಿಟಿಂಗ್ ಕಡಿಮೆ ಇರಲಿ. ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ದೂಳಿನ ಚುಕ್ಕೆ ಒರೆಸಿ, ಅಷ್ಟೇ. ಶಾರ್ಪ್‌ನೆಸ್ ಏರಿಸಿದರೆ ಮಸುಕಿನ ಗೆರೆಗಳಲ್ಲಿ ಒರಟು ಕಾಳು ಏಳುತ್ತದೆ.

ಚೆನ್ನಾಗಿ ಬಂದ ಒಂದೆರಡನ್ನು ಪ್ರಿಂಟ್ ಹಾಕಿಸಿ. ಅಡಿಕೆ ತೋಟದ ಚಿತ್ರಕ್ಕೆ ಮ್ಯಾಟ್ ಕಾಗದ, ಅರಮನೆ ಮತ್ತು ಟಾರ್ಚ್ ಚಿತ್ರಗಳಿಗೆ ಹೊಳಪಿನ ಕಾಗದ ಒಪ್ಪುತ್ತದೆ. ಸ್ಪರ್ಧೆಗೆ ಕಳಿಸುವ ಆಸೆ ಇದ್ದರೆ ನಿಸರ್ಗ ವಿಭಾಗಕ್ಕೆ ಬೇಡ, ಮುಕ್ತ ವಿಭಾಗಕ್ಕೆ ಕಳಿಸಿ. ಅದಕ್ಕೂ ಮೊದಲು, ಪ್ರಿಂಟನ್ನು ಕಂಬಳದ ಓಟಗಾರನಿಗೋ ವೇಷಧಾರಿಗೋ ಒಮ್ಮೆ ತೋರಿಸಿ. ಆ ರಭಸ ಚಿತ್ರದಲ್ಲಿ ಬಂದಿದೆಯೋ ಇಲ್ಲವೋ ಎಂದು ತೀರ್ಪುಗಾರರಿಗಿಂತ ಅವರೇ ಸರಿಯಾಗಿ ಹೇಳುತ್ತಾರೆ.