ಸ್ನಾನಕ್ಕೆ ಹೆದರುತ್ತಿದ್ದ ಮನುಷ್ಯ

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್. ಇಲ್ಲಿ ತುರಿಕೆಗೆ ಕಾರಣಗಳ ಬರವಿಲ್ಲ. ಗೇರಿನ ಸೊನೆ, ಅಡಿಕೆಗೆ ಬಿಡುವ ಬೋರ್ಡೋ ಮದ್ದು, ಮಳೆಗಾಲದ ಹುಳಕಡ್ಡಿ. ಹಾಗಾಗಿ ಅರವತ್ತು ದಾಟಿದ ಕೃಷಿಕರೊಬ್ಬರಿಗೆ ನಾಲ್ಕು ತಿಂಗಳು ಸುಮ್ನೆ ಅಲರ್ಜಿ ಮಾತ್ರೆ ಸಿಟ್ರಿಜಿನ್ ಬರೆದೆ. ಕಜ್ಜಿ ಇರಬಹುದೆಂದು ಮನೆಮಂದಿಗೆಲ್ಲ ಲೋಷನ್ ಹಚ್ಚಿಸಿದ್ದೂ ಆಯಿತು. ತಪ್ಪು ನನ್ನದೇ. ಅವರ ಮೈಯಲ್ಲಿ ಉಗುರಿನ ಗೀರು ಬಿಟ್ಟರೆ ಒಂದು ಗುಳ್ಳೆಯೂ ಇರಲಿಲ್ಲ.

ಕೊನೆಗೊಮ್ಮೆ ಕೇಳಿದೆ, "ತುರಿಕೆ ಯಾವಾಗ ಜಾಸ್ತಿ?"

ಉತ್ತರ ಹೆಂಡತಿಯಿಂದ ಬಂತು. "ಬಚ್ಚಲಿಂದ ಹೊರಗೆ ಬಂದ ಕೂಡ್ಲೇ ಶುರು ಡಾಕ್ಟ್ರೇ. ಮುಕ್ಕಾಲು ಗಂಟೆ ಕುಣಿತವೇ. ಈಗ ಸ್ನಾನ ಅಂದ್ರೆ ಹೆದರ್ತಾರೆ ಮಾರಾಯ್ರೇ." ಮೂರು ಸೋಪು ಬದಲಾಗಿತ್ತಂತೆ. ಬಾವಿ ನೀರಿಗೂ ಬೈಗುಳ ಬಿದ್ದಿತ್ತಂತೆ.

ಆಗ ಮುಖ ಸರಿಯಾಗಿ ನೋಡಿದೆ. ಕೆಂಪು. ಅಂಗೈಯೂ ಕೆಂಪು. ತೋಟದ ಬಿಸಿಲು ಅಂದುಕೊಂಡಿದ್ದೆ! ಎಡ ಪಕ್ಕೆಲುಬಿನ ಕೆಳಗೆ ಊದಿದ ಗುಲ್ಮ (ಸ್ಪ್ಲೀನ್) ಬೆರಳಿಗೆ ಸಿಕ್ಕಿತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 19.4, ರಕ್ತದಲ್ಲಿ ಕೆಂಪುಕಣಗಳ ಪಾಲು ಹೇಳುವ ಹಿಮಟೋಕ್ರಿಟ್ ಶೇಕಡಾ 58. ಎರಡೂ ತೀರಾ ಹೆಚ್ಚು. ಮಂಗಳೂರಿಗೆ ಕಳಿಸಿದೆ. ರಕ್ತಕಣಗಳ ಜೀನ್ ದೋಷ ಹುಡುಕುವ ಜೆಎಕೆ2 ಪರೀಕ್ಷೆ ಪಾಸಿಟಿವ್ ಬಂತು. ಪಾಲಿಸೈಥೀಮಿಯಾ ವೆರಾ. ಎಲುಬಿನ ಮಜ್ಜೆ ಬೇಕಾದದ್ದಕ್ಕಿಂತ ಹೆಚ್ಚು ಕೆಂಪು ರಕ್ತಕಣ ಮಾಡುವ ಕಾಯಿಲೆ. ಇದರಲ್ಲಿ ತುರಿಕೆ ಬರೀ ಕಿರಿಕಿರಿ. ನಿಜವಾದ ಭಯ ದಪ್ಪಗಾದ ರಕ್ತ ಹೆಪ್ಪುಗಟ್ಟುವುದರದ್ದು.

"ರಕ್ತ ಜಾಸ್ತಿ ಆಗುವುದೂ ರೋಗವಾ?" ಎಂದು ಅವರು ನಕ್ಕರು. ಸುಸ್ತು ಅಂತ ಐರನ್ ಟಾನಿಕ್ ಬೇರೆ ಕುಡಿಯುತ್ತಿದ್ದರು. ಮೊದಲು ಅದನ್ನು ನಿಲ್ಲಿಸಿದೆ. ಆಮೇಲೆ ಮಂಗಳೂರಿನ ಡಾಕ್ಟರರು ರಕ್ತದಾನದ ಹಾಗೆಯೇ ತೋಳಿನಿಂದ ರಕ್ತ ತೆಗೆದು ಹಿಮಟೋಕ್ರಿಟ್ 45ರ ಕೆಳಗೆ ಇಟ್ಟರು. ಜೊತೆಗೆ ಹೆಪ್ಪುಗಟ್ಟದಂತೆ ಸಣ್ಣ ಡೋಸಿನ ಆಸ್ಪಿರಿನ್, ರಕ್ತಕಣ ಕಡಿಮೆ ಮಾಡಲು ಹೈಡ್ರಾಕ್ಸಿಯೂರಿಯಾ.

ಈಗ ಗುಳ್ಳೆಯಿಲ್ಲದ ತುರಿಕೆ ಎರಡು ವಾರ ದಾಟಿದರೆ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸದೆ ಬಿಡುವುದಿಲ್ಲ. ಕಬ್ಬಿಣದ ಕೊರತೆಯೂ ತುರಿಸುತ್ತದೆ, ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾವೂ. ಅದಕ್ಕೇ ಕುತ್ತಿಗೆ, ಕಂಕುಳಲ್ಲಿ ಗಂಟು ಹುಡುಕುತ್ತೇನೆ, ರಾತ್ರಿ ಬೆವರುತ್ತೀರಾ ಎಂದು ಕೇಳುತ್ತೇನೆ. ಮೇಜಿನ ಮೇಲೆ ಒಂದು ಗಾಜಿನ ಲೋಟವೂ ಉಂಟು. ಕಾಲಲ್ಲಿ ಕೆಂಪು ಚುಕ್ಕೆ ಕಂಡರೆ ಅದನ್ನು ಒತ್ತಿ ನೋಡುವುದು. ಬಣ್ಣ ಮಾಯವಾಗದಿದ್ದರೆ ಅದು ಚರ್ಮದಡಿ ಸೋರಿದ ರಕ್ತ. ಡೆಂಗಿ ಇರಲಿ, ಇಲ್ಲದಿರಲಿ, ಅವತ್ತೇ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಎಣಿಸಬೇಕು.

ಅವರ ರಕ್ತ ಈಗ ಹದದಲ್ಲಿದೆ. ತುರಿಕೆ ಮಾತ್ರ ಪೂರ್ತಿ ಹೋಗಿಲ್ಲ. ಉಗುರು ಬೆಚ್ಚಗಿನ ನೀರು, ಅದೂ ಎರಡು ದಿನಕ್ಕೊಮ್ಮೆ. ಹಂಡೆಗೆ ಬೆಂಕಿ ಹಾಕುವ ಕೆಲಸ ಉಳಿಯಿತು ಎಂದು ಹೆಂಡತಿ ಹೇಳಿದರು.