ಫೋರ್ಕ್ ಬಿಟ್ಟು ಪೋಸಿಕ್ಸ್ ಸ್ಪಾನ್ ಹಿಡಿದಿದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂತು ನಾನು ಕೋಡ್ ಬರೆಯುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನಮ್ಮದು. ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ರೈತರ ಕೈಗೆ ಪಟ್ಟಿ ಕೊಡಬೇಕು. ಬೇರೆ ದಿನ ಪಟ್ಟಿ ತಟ್ಟನೆ ಬರುತ್ತಿತ್ತು. ಸುಗ್ಗಿಯಲ್ಲಿ ಆವಕ ಏರಿತು ಅಂದರೆ ಮುಗೀತು.

"ಸರ್, ಪ್ರಿಂಟ್ ಒತ್ತಿದ್ರ ಲಗೂನ ಬರವಲ್ದು ನೋಡ್ರಿ. ರೈತ್ರು ನಿಂತಾರ," ಅಂತ ಗುಮಾಸ್ತರ ಫೋನ್.

ಮೊದಲು ಡೇಟಾಬೇಸ್ ಮೇಲೆ ಅನುಮಾನಪಟ್ಟೆ. ಎರಡು ದಿನ ಸುಮ್ನೆ ಹೋಯಿತು. ಆಮೇಲೆ ಸರ್ವರ್ ಪ್ರೋಗ್ರಾಮಿಗೆ ಸ್ಟ್ರೇಸ್ ಹಚ್ಚಿದೆ. ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮ್ಮಿಗೆ ಮಾಡುವ ಕರೆಗಳನ್ನು, ಅಂದರೆ ಸಿಸ್ಟಮ್ ಕಾಲ್‌ಗಳನ್ನು, ತೋರಿಸುವ ಸಾಧನ ಅದು. ಅದಕ್ಕೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಪ್ರತಿ ಸಿಸ್ಟಮ್ ಕಾಲ್ ಎದುರು ಹಿಡಿದ ಸಮಯ ತೋರಿಸುತ್ತದೆ. ಸಾಲು ಸಾಲಾಗಿ 0.0000 ಅಂತ ಬರುತ್ತಿದ್ದಲ್ಲಿ ಒಂದು ಕಡೆ ಕ್ಲೋನ್ ಎದುರು 0.083 ಅಂತಿತ್ತು. ಹೊಸ ಪ್ರೋಸೆಸ್, ಅಂದರೆ ಬೇರೆಯಾಗಿ ಓಡುವ ಪ್ರೋಗ್ರಾಮ್, ಹುಟ್ಟಿಸಲು ನಾವು ಬಳಸುವ ಫೋರ್ಕ್ ಒಳಗಿನಿಂದ ಕರೆಯುವುದು ಅದನ್ನೇ.

83 ಮಿಲಿಸೆಕೆಂಡ್ ಏನು ಮಹಾ ಅನಿಸಬಹುದು. ಆದರೆ ಒಂದು ಪಟ್ಟಿಗೆ ಮೂರು ಚೈಲ್ಡ್ ಪ್ರೋಸೆಸ್ ಹುಟ್ಟುತ್ತಿದ್ದವು: ಪಿಡಿಎಫ್‌ಗೆ ಒಂದು, ಪ್ರಿಂಟರ್‌ಗೆ ಒಂದು, ಎಸ್ಎಂಎಸ್‌ಗೆ ಒಂದು. ಸರ್ವರ್ ಓಡುವುದು ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ಅಷ್ಟು ಹೊತ್ತು ಎಲ್ಲ ಅಂಗಡಿಗಳೂ ಕಾಯಬೇಕು. ಹತ್ತಿಪ್ಪತ್ತು ಮಂದಿ ಒಟ್ಟಿಗೆ ಪ್ರಿಂಟ್ ಒತ್ತಿದರೆ ಸೆಕೆಂಡುಗಟ್ಟಲೆ ಆಯ್ತಲ್ವಾ?

ಫೋರ್ಕ್ ಮೆಮೊರಿಯನ್ನು ಪೂರ್ತಿ ನಕಲು ಮಾಡುವುದಿಲ್ಲ, ಬರೆದಾಗ ಮಾತ್ರ ನಕಲು ಮಾಡುತ್ತದೆ, ಹಾಗಾಗಿ ಅಗ್ಗ. ಕಾಲೇಜಿನಲ್ಲಿ ಕಲಿತದ್ದು ಇಷ್ಟು. ಮಾತು ನಿಜವೇ, ಆದರೆ ಅರ್ಧ. ಮೆಮೊರಿಯ ತುಂಡುಗಳಾದ ಪುಟಗಳನ್ನು ನಕಲು ಮಾಡದಿದ್ದರೂ ಯಾವ ಪುಟ ಎಲ್ಲಿದೆ ಎನ್ನುವ ಪೇಜ್ ಟೇಬಲ್ಲನ್ನು ನಕಲು ಮಾಡಲೇಬೇಕು. ನಮ್ಮ ಸರ್ವರ್ ಹಳೆಯ ಖಾತೆಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಂಡು 8 ಜಿಬಿಗೆ ಬೆಳೆದಿತ್ತು. 4 ಕೆಬಿಯ ಪುಟ ಅಂದರೆ ಸುಮಾರು 21 ಲಕ್ಷ ಪುಟಗಳು. ಒಂದೊಂದಕ್ಕೆ 8 ಬೈಟ್ ಲೆಕ್ಕ ಹಿಡಿದರೆ 16 ಎಂಬಿ ಬರೀ ಟೇಬಲ್. ಅದೂ ಪ್ರತಿ ಫೋರ್ಕಿಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ಪೇರೆಂಟ್‌ನ, ಅಂದರೆ ಫೋರ್ಕ್ ಮಾಡಿದ ಸರ್ವರಿನ, ಪುಟಗಳಿಗೂ ಬರೆಯಬೇಡ ಅಂತ ಗುರುತು ಬೀಳುತ್ತದೆ. ಆಮೇಲೆ ಅದು ಒಂದೊಂದು ಪುಟಕ್ಕೆ ಮೊದಲ ಸಲ ಬರೆಯಲು ಹೋದಾಗ ಪೇಜ್ ಫಾಲ್ಟ್, ಅಂದರೆ ಆಪರೇಟಿಂಗ್ ಸಿಸ್ಟಮ್ ನಡುವೆ ಬಂದು ಸರಿಪಡಿಸಬೇಕು.

ಹುಡುಗನನ್ನು ಚಹಾ ತರಲು ಕಳಿಸುವ ಮೊದಲು ಅಂಗಡಿಯ ಖಾತೆ ಪುಸ್ತಕಗಳ ಅನುಕ್ರಮಣಿಕೆಯನ್ನೆಲ್ಲ ನಕಲು ಮಾಡಿ ಅವನ ಕೈಗೆ ಕೊಟ್ಟ ಹಾಗೆ. ಹೊಸ ಪ್ರೋಗ್ರಾಮನ್ನು ತನ್ನ ಜಾಗಕ್ಕೆ ತರುವ ಎಕ್ಸೆಕ್ ಕರೆದ ಕೂಡಲೇ ಅವನು ಅದನ್ನು ಹೊಸ್ತಿಲಲ್ಲೇ ಎಸೆದು ಹೋಗುತ್ತಾನೆ. ನಾವು ಓಡಿಸುತ್ತಿದ್ದದ್ದು ಚಿಕ್ಕ ಪ್ರೋಗ್ರಾಮ್. ಖರ್ಚು ಏರುತ್ತಿದ್ದದ್ದು ಪೇರೆಂಟ್ ದಪ್ಪ ಆದ ಹಾಗೆ.

ವಿಫೋರ್ಕ್ ಬಳಸಲು ಕೈ ತುರಿಸಿತು. ಅದರಲ್ಲಿ ಚೈಲ್ಡ್ ಪೇರೆಂಟ್‌ನ ಮೆಮೊರಿಯಲ್ಲೇ ಓಡುತ್ತದೆ, ಎಕ್ಸೆಕ್ ಆಗುವ ತನಕ ಪೇರೆಂಟ್ ನಿಂತಿರುತ್ತದೆ. ಟೇಬಲ್ ನಕಲೇ ಇಲ್ಲ. ಆದರೆ ಚೈಲ್ಡ್ ಒಂದು ವೇರಿಯಬಲ್ ತಿದ್ದಿದರೂ ಅದು ಪೇರೆಂಟ್‌ನದ್ದೇ. ರೈತರ ದುಡ್ಡಿನ ಲೆಕ್ಕ ಇರುವ ಕಡೆ ಆ ಧೈರ್ಯ ನನಗೆ ಬರಲಿಲ್ಲ. ಫೋರ್ಕ್, ಎಕ್ಸೆಕ್ ಎರಡರ ಕೆಲಸವನ್ನೂ ಒಂದೇ ಕರೆಯಲ್ಲಿ ಮಾಡುವ ಪೋಸಿಕ್ಸ್ ಸ್ಪಾನ್ ಹಿಡಿದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ 2.24ನೇ ಆವೃತ್ತಿಯಿಂದ ಅದು ಒಳಗೆ ವಿಫೋರ್ಕ್‌ನ ದಾರಿಯನ್ನೇ ಹಿಡಿಯುತ್ತದೆ, ಚೈಲ್ಡ್‌ಗೆ ಬೇರೆ ಸ್ಟ್ಯಾಕ್ ಕೊಟ್ಟು, ಸಿಗ್ನಲ್‌ಗಳನ್ನು ತಡೆದು. ಎಚ್ಚರ ವಹಿಸಬೇಕಾದ ಕೆಲಸವನ್ನು ಲೈಬ್ರರಿಯೇ ಮಾಡುತ್ತದೆ.

ಬದಲಾಯಿಸುವಾಗ ಎರಡು ಕಡೆ ಸಿಕ್ಕಿಬಿದ್ದೆ. ಮೊದಲೆಲ್ಲ ಚೈಲ್ಡ್ ಅಂಗಡಿಯ ಫೋಲ್ಡರಿಗೆ ಹೋಗಿ ಆಮೇಲೆ ಎಕ್ಸೆಕ್ ಕರೆಯುತ್ತಿತ್ತು. ಸ್ಪಾನ್‌ನಲ್ಲಿ ಫೋಲ್ಡರ್ ಬದಲಿಸುವ ಸೌಲಭ್ಯ ಜಿಲಿಬ್‌ಸಿಗೆ ಬಂದಿದ್ದು 2.29ರಲ್ಲಿ. ನಮ್ಮ ಸರ್ವರಿನದು ಅದಕ್ಕಿಂತ ಹಳೆಯದು. ಹಾಗಾಗಿ ಪೂರ್ತಿ ಪಾತ್ ಕೊಡುವಂತೆ ತಿದ್ದಿದೆ.

ಎರಡನೆಯದು ಇನ್ನೂ ಕಾಡಿತು. ಫೋರ್ಕ್ ಸೋತರೆ -1 ಕೊಡುತ್ತದೆ. ಸ್ಪಾನ್ ಹಾಗಲ್ಲ, ಎರರ್ ನಂಬರನ್ನೇ ವಾಪಸ್ ಕೊಡುತ್ತದೆ. ನಾನು ರೂಢಿಯಂತೆ -1 ಬಂತಾ ಅಂತ ನೋಡುತ್ತಿದ್ದೆ. ಪ್ರಿಂಟರ್ ಪ್ರೋಗ್ರಾಮಿನ ಪಾತ್ ತಪ್ಪಿದ್ದಾಗ 2 ಬಂತು, ಅಂದರೆ ಫೈಲೇ ಇಲ್ಲ ಅಂತ. ಕೋಡ್ ಅದನ್ನು ಸರಿ ಅಂದುಕೊಂಡು ಮುಂದೆ ಹೋಯಿತು. ಪಟ್ಟಿ ಮುದ್ರಣವಾಗಿದೆ ಅಂತ ದಾಖಲಾಯಿತು, ಕಾಗದ ಮಾತ್ರ ಬರಲಿಲ್ಲ. ಸೊನ್ನೆ ಅಲ್ಲದ್ದೆಲ್ಲ ಸೋಲು ಅಂತಲೇ ನೋಡಬೇಕು.

ಈಗ ಅದೇ 8 ಜಿಬಿ ಸರ್ವರಿನಲ್ಲಿ ಕ್ಲೋನ್ ಎದುರು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಬರುತ್ತದೆ. ಇದರಿಂದ ಫೋರ್ಕೇ ಕೆಟ್ಟದ್ದು ಅನ್ನಲಾರೆ. ಆಂಡ್ರಾಯ್ಡ್‌ನಲ್ಲಿ ಜೈಗೋಟ್ ಎನ್ನುವ ಪ್ರೋಸೆಸ್ ಫೋರ್ಕ್ ಮಾಡಿಯೇ ಆ್ಯಪ್‌ಗಳನ್ನು ಹುಟ್ಟಿಸುತ್ತದೆ. ಅಲ್ಲಿ ಚೈಲ್ಡ್‌ಗೆ ಪೇರೆಂಟ್‌ನ ಮೆಮೊರಿ ನಿಜಕ್ಕೂ ಬೇಕು. ನಮಗೆ ಬೇಕಿರಲಿಲ್ಲ.

ಎಸ್ಎಂಎಸ್‌ಗೆ ಈಗ ಹೊಸ ಪ್ರೋಸೆಸ್ಸೇ ಇಲ್ಲ. ಸರ್ವರ್ ಶುರುವಾದ ಕೂಡಲೇ, ಖಾತೆಗಳು ಮೆಮೊರಿಗೆ ಬರುವ ಮೊದಲೇ, ಒಂದು ಚೈಲ್ಡ್ ಹುಟ್ಟಿಸಿ ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಪ್ರೋಸೆಸ್‌ಗಳು ಮಾತಾಡುವ ದಾರಿ) ಮೂಲಕ ಕೆಲಸ ಕೊಡುತ್ತೇವೆ. ಪಿಡಿಎಫ್ ಮಾತ್ರ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಆ ಲೈಬ್ರರಿ ಮೆಮೊರಿ ಸೋರಿಸುತ್ತದೆ, ಒಮ್ಮೊಮ್ಮೆ ಬೀಳುತ್ತದೆ ಕೂಡ. ಬಿದ್ದರೆ ಅದೊಂದೇ ಬೀಳಲಿ ಅಂತ.