ಬೆಲೆ ಏರಿತು, ಬೋರ್ಡ್ ಬದಲಿಸೋದಾ ಬೇಡವಾ?

ಚಿಕ್ಕ ದರ್ಶಿನಿ ನಡೆಸುವವರಿಗೆ ವರ್ಷದ ಲೆಕ್ಕಾಚಾರ ಕೈಗೆ ಹತ್ತೋದಿಲ್ಲ. 19 ಕೆಜಿ ಸಿಲಿಂಡರಿನ ದರ ತಿಂಗಳ ಒಂದನೇ ತಾರೀಖು ಬದಲಾಗುತ್ತೆ, ತರಕಾರಿಯಂತೂ ದಿನಾ. ಹಾಗಾಗಿ ಏನೇ ಏರಿದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮತ್ತೆ ಇಳಿಯುತ್ತಾ?

ಟೊಮೆಟೊ ಇಳಿಯುತ್ತೆ. 2023ರ ಜುಲೈಯಲ್ಲಿ ಕೆಜಿಗೆ 100 ರೂಪಾಯಿ ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ಕೋಲಾರದ ರೈತರು ಬೆಲೆ ಬಿತ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎರಡು ಮೂರು ತಿಂಗಳ ಬೆಳೆ ಅಲ್ವಾ, ರೇಟು ಬಂತು ಅಂದರೆ ಎಲ್ಲರೂ ಅದನ್ನೇ ನೆಡುತ್ತಾರೆ. ಇಂಥದ್ದಕ್ಕೆ ಬೋರ್ಡ್ ಮುಟ್ಟಬೇಡಿ, ಅಡುಗೆ ಬದಲಿಸಿ. ಟೊಮೆಟೊ ಬಾತ್ ಬದಲು ಪುದೀನ ಪಲಾವ್, ಸಾರಿಗೆ ಹುಣಸೆಹಣ್ಣು ಸ್ವಲ್ಪ ಜಾಸ್ತಿ, ಕೆಂಪು ಚಟ್ನಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಸಾಕು. ಈ ತೀರ್ಮಾನ ಭಟ್ಟರಿಗೇ ಬಿಡಿ. 'ಕೆಜಿ 60 ದಾಟಿದರೆ ಟೊಮೆಟೊ ಬಾತ್ ಬೇಡ' ಅಂತ ಮೊದಲೇ ಮಾತಾಡಿಕೊಂಡಿದ್ದರೆ ಬೆಳಗಿನ ಜಾವ ಮಂಡಿಯಿಂದ ನಿಮಗೆ ಫೋನ್ ಬರೋದಿಲ್ಲ.

ಹಾಲು ಹಾಗಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಅದು ಇಳಿಯುತ್ತೆ ಅಂತ ಕಾಯುವುದು ಸುಮ್ನೆ. ಒಂದು ಕಾಫಿಗೆ 100 ಎಂಎಲ್ ಹಾಲು ಅಂದರೆ 40 ಪೈಸೆ, ಏನೂ ಅಲ್ಲ ಅನ್ನಿಸುತ್ತೆ, ಆದರೆ ದಿನಕ್ಕೆ 500 ಕಾಫಿ ಹೋಗುವ ಕಡೆ ತಿಂಗಳಿಗೆ 6,000 ರೂಪಾಯಿ. ಕಾಫಿಪುಡಿ, ಸಕ್ಕರೆ, ಗ್ಯಾಸ್ ಎಲ್ಲ ಸೇರಿಸಿ ಒಂದೇ ಸಲ ಎರಡು ರೂಪಾಯಿ ಏರಿಸಿ. ಒಂದು ವಾರ ಗೊಣಗುತ್ತಾರೆ, ಆಮೇಲೆ ಅದೇ ರೇಟು ರೂಢಿಯಾಗುತ್ತೆ. ಡಿಕಾಕ್ಷನ್ ತೆಳ್ಳಗೆ ಮಾಡೋದು, ಲೋಟ ಚಿಕ್ಕದು ಮಾಡೋದು ಮಾತ್ರ ಬೇಡ, ದಿನಾ ಬರುವ ಗಿರಾಕಿ ಮೊದಲ ಗುಟುಕಿಗೇ ಹಿಡಿಯುತ್ತಾನೆ.

ತಲೆನೋವು ತೆಂಗಿನಕಾಯಿಯಂಥದ್ದು. 2025ರಲ್ಲಿ ಕಾಯಿ ರೇಟು ಏರಿದಾಗ ಎಷ್ಟೋ ಹೋಟೆಲಿನವರು ಚಟ್ನಿ ನೋಡಿಯೇ ಹೆದರಿದರು. ಇವತ್ತು ಸಸಿ ನೆಟ್ಟರೆ ಕಾಯಿ ಬಿಡೋಕೆ ವರ್ಷಗಳೇ ಬೇಕು, ಟೊಮೆಟೊ ಥರ ಬೇಗ ಇಳಿಯೋದಿಲ್ಲ, ಹಾಗಂತ ಹಾಲಿನ ಥರ ಕಾಯಂ ಅಂತಲೂ ಹೇಳಲಾಗದು. ಕ್ಯಾಲೆಂಡರಿನಲ್ಲಿ ಎರಡು ತಿಂಗಳ ಮುಂದಿನ ಒಂದು ತಾರೀಖಿಗೆ ಗುರುತು ಹಾಕಿ. ಅಲ್ಲಿವರೆಗೆ ಚಟ್ನಿಗೆ ಹುರಿಗಡಲೆ ಜಾಸ್ತಿ, ಎರಡನೇ ಸೌಟು ಕೇಳಿದವರಿಗೆ ಮಾತ್ರ. ಆ ತಾರೀಖಿಗೂ ಇಳಿದಿಲ್ಲ ಅಂದರೆ ಅದನ್ನು ಹಾಲಿನ ಲೆಕ್ಕಕ್ಕೆ ಸೇರಿಸಿ.

ಬೋರ್ಡ್ ಬದಲಿಸುವ ದಿನವೇ ಸ್ವಿಗ್ಗಿ, ಝೊಮ್ಯಾಟೊದಲ್ಲೂ ರೇಟು ಬದಲಿಸಿ, ಎಷ್ಟೋ ಜನ ಇದನ್ನೇ ಮರೆಯುತ್ತಾರೆ. ಗಲ್ಲಾದಲ್ಲಿ ಕೂರುವ ಹುಡುಗನಿಗೆ ಹಿಂದಿನ ರಾತ್ರಿಯೇ ಕಾರಣ ಹೇಳಿಡಿ, ಯಾಕೆ ಏರಿಸಿದ್ರಿ ಅಂತ ಬೆಳಗ್ಗೆ ಮೊದಲು ಕೇಳಿಸಿಕೊಳ್ಳುವವನು ಅವನೇ.